ಬೆಳೆಯುವ ನರಕೋಶಕ್ಕೆ ಎಳೆಯುವ ಬಲ ಎಲ್ಲಿಂದ ಬರುತ್ತದೆ?

ಸ್ನಾಯುವಲ್ಲದ ನರಕೋಶ ಬಲವನ್ನು ಹೇಗೆ ಉಂಟುಮಾಡುತ್ತದೆ ಎಂಬುದಕ್ಕೆ ಉತ್ತರ, ಆ ಕೋಶದಿಂದ ಹೊರಡುವ ಉದ್ದನೆಯ ತಂತುವಾದ ಆಕ್ಸಾನ್‌ನ ತುದಿಯಲ್ಲಿ ಅಂಗೈಯಂತೆ ಹರಡಿಕೊಂಡಿರುವ ಬೆಳವಣಿಗೆ ಶಂಕುವಿನಲ್ಲಿದೆ. ಅಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಮುಂಚೂಣಿಯಲ್ಲಿ ಒಂದೇ ಸಮನೆ ಬೆಳೆಯುತ್ತಾ ಪೊರೆಯನ್ನು ಮುಂದಕ್ಕೆ ತಳ್ಳುತ್ತವೆ. ಅದೇ ಹೊತ್ತಿಗೆ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್, ಜೀವಕೋಶದ ಇಂಧನವಾದ ಎಟಿಪಿಯ ಶಕ್ತಿಯನ್ನು ಬಳಸಿ, ಆ ಎಳೆಗಳ ಜಾಲವನ್ನು ಹಿಂದಕ್ಕೆ ಸೆಳೆಯುತ್ತಿರುತ್ತದೆ. ಇಷ್ಟೇ ಆದರೆ ಎಳೆಗಳು ಜಾರುತ್ತವೆಯೇ ಹೊರತು ಶಂಕು ಮುಂದೆ ಸಾಗುವುದಿಲ್ಲ. ಇಂಟೆಗ್ರಿನ್‌ನಂತಹ ಅಣುಗಳು ಹೊರಗಿನ ಆಧಾರವನ್ನು ಹಿಡಿದು, ಒಳಗೆ ಆಕ್ಟಿನ್‌ಗೆ ಕೊಂಡಿಯಾದಾಗಲೇ ಆ ಸೆಳೆತ ಆಧಾರದ ಮೇಲೆ ಬಿದ್ದು, ಶಂಕು ಮುನ್ನಡೆದು, ಹಿಂದಿನ ಆಕ್ಸಾನ್ ಬಿಗಿಯಾಗುತ್ತದೆ. ನನ್ನ ಮಟ್ಟಿಗೆ ಈ ಕೊಂಡಿಯೇ ಇಡೀ ವ್ಯವಸ್ಥೆಯ ಮರ್ಮ. ಬಲದ ಪ್ರಮಾಣ ನ್ಯಾನೋನ್ಯೂಟನ್‌ಗಳಲ್ಲಿ ಅಳೆಯುವಷ್ಟು ಅಲ್ಪ. ಆದರೂ ಆಕ್ಸಾನ್ ಬೆಳೆಯಲು ಸೆಳೆತವೇ ಪ್ರಚೋದನೆಯಾಗಬಲ್ಲದು: ಗಾಜಿನ ಸೂಜಿಯಿಂದ ನಿಧಾನವಾಗಿ ಎಳೆದರೂ ಅದು ಉದ್ದವಾಗುತ್ತದೆಂದು ಜೀವವಿಜ್ಞಾನಿ ಡೆನಿಸ್ ಬ್ರೇ 1984ರಲ್ಲಿ ತೋರಿಸಿದರು.