ಹಳೆಯ ಅಂಬಾಸಿಡರ್‌ಗೆ ಬೇರೆ ಎ.ಸಿ. ಕಂಪ್ರೆಸರ್: ಎರಡನೆಯ ವೈರನ್ನು ಎಲ್ಲಿಗೆ ಕೊಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಕಾರು 1996ರ ಅಂಬಾಸಿಡರ್ 1800 ಐಎಸ್‌ಝಡ್. ಅದರಲ್ಲಿದ್ದ ಸ್ಯಾಂಡೆನ್ ಕಂಪನಿಯ 508 ಮಾದರಿಯ ಕಂಪ್ರೆಸರ್ ಜಾಮ್ ಆಯಿತು, ಬದಲಿಗೆ 5ಎಚ್14 ಮಾದರಿಯದನ್ನು ತಂದಿದ್ದೀರಿ. ಹಳೆಯದಕ್ಕೆ ಒಂದೇ ವೈರು ಇತ್ತು, ಹೊಸದಕ್ಕೆ ಎರಡು ಇವೆ, ಎರಡೂ ಕಪ್ಪು. ಎಲೆಕ್ಟ್ರಿಷಿಯನ್ ಎರಡನ್ನೂ ಒಟ್ಟಿಗೆ ಹೊಸೆದು ಕಾರಿನ ಹಳೆಯ ವೈರಿಗೆ ಕಟ್ಟಿದ್ದಾರೆ. ಎ.ಸಿ. ಸ್ವಿಚ್ ಹಾಕಿದೊಡನೆ ಫ್ಯೂಸ್ ಹೋಗುತ್ತಿದೆ. ಎರಡನೆಯ ವೈರನ್ನು ಎಲ್ಲಿಗೆ ಕೊಡಬೇಕು, ಇನ್ನೂ ದಪ್ಪ ಫ್ಯೂಸ್ ಹಾಕಲೇ ಎಂದು ಕೇಳಿದ್ದೀರಿ.

ದಯವಿಟ್ಟು ಹಾಕಬೇಡಿ. ಈಗ ಸುಟ್ಟುಹೋಗುತ್ತಿರುವುದು ಫ್ಯೂಸ್. ದಪ್ಪದ್ದನ್ನು ಹಾಕಿದರೆ ಸುಡುವುದು ಡ್ಯಾಶ್‌ಬೋರ್ಡಿನ ಹಿಂದಿನ ವೈರು.

ಫ್ಯೂಸ್ ಹೋಗುತ್ತಿರುವುದರಿಂದಲೇ ಒಂದು ಸಂಗತಿ ಗೊತ್ತಾಗುತ್ತದೆ. ಆ ಎರಡು ವೈರುಗಳು ಕಂಪ್ರೆಸರಿನ ಕ್ಲಚ್ ಹಿಡಿಸುವ ಕಾಯಿಲ್‌ನ (ತಂತಿಯ ಸುರುಳಿಯ) ಎರಡು ತುದಿಗಳಾಗಿದ್ದು, ಎಲ್ಲಿಯೂ ಕಂಪ್ರೆಸರಿನ ಲೋಹದ ಬಾಡಿಗೆ ತಗುಲದೆ ಇದ್ದಿದ್ದರೆ, ಒಟ್ಟಿಗೆ ಕಟ್ಟಿದಾಗ ಏನೂ ಆಗುತ್ತಿರಲಿಲ್ಲ. ಫ್ಯೂಸೂ ಹೋಗುತ್ತಿರಲಿಲ್ಲ, ಕ್ಲಚ್ಚೂ ಹಿಡಿಯುತ್ತಿರಲಿಲ್ಲ. ನಿಮ್ಮಲ್ಲಿ ಹೋಗುತ್ತಿದೆ ಎಂದರೆ ಎರಡರಲ್ಲಿ ಒಂದು ವೈರು ಕಂಪ್ರೆಸರ್ ಬಾಡಿಗೆ ಕೂಡಿರುವ ಅರ್ಥಿಂಗ್ ವೈರು, ಅಂದರೆ ಬ್ಯಾಟರಿಯ ಮೈನಸ್ ಕಡೆಯದು, ಆಗಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ನೇರವಾಗಿ ಬ್ಯಾಟರಿಯ ಪ್ಲಸ್ ಕೊಟ್ಟಂತಾಗಿದೆ. ಇದನ್ನು ಊಹೆಯ ಮೇಲೆ ಬಿಡಬೇಕಿಲ್ಲ, ಮಲ್ಟಿಮೀಟರ್ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ.

ಅದಕ್ಕೆ ಮುಂಚೆ, ಕರೆಂಟು ಯಾವುದಕ್ಕೆ ಬೇಕು ಎಂಬುದು ತಿಳಿದಿರಲಿ. ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. ವಿದ್ಯುತ್ತಿಗೆ ಅಲ್ಲಿರುವುದು ಒಂದೇ ಕೆಲಸ: ಪುಲ್ಲಿಯ ಹಿಂದೆ ಕೂತಿರುವ ಕಾಯಿಲನ್ನು ಅಯಸ್ಕಾಂತವನ್ನಾಗಿ ಮಾಡಿ ಮುಂದಿನ ಕ್ಲಚ್ ತಟ್ಟೆಯನ್ನು ಪುಲ್ಲಿಗೆ ಎಳೆದು ಹಿಡಿಯುವುದು. ಸ್ವಿಚ್ ಹಾಕಿದಾಗ ಬಾನೆಟ್ ಒಳಗಿನಿಂದ ಬರುವ ‘ಟಕ್’ ಎಂಬ ಸದ್ದು ಅದರದ್ದೇ. 12 ವೋಲ್ಟ್‌ನ ಇಂಥ ಕಾಯಿಲ್ ಸುಮಾರು ಮೂರೂವರೆಯಿಂದ ನಾಲ್ಕು ಆಂಪಿಯರ್ ಎಳೆಯುತ್ತದೆ. ಅಂದರೆ ಮೀಟರಿನಲ್ಲಿ ಅದರ ರೆಸಿಸ್ಟೆನ್ಸ್ ಮೂರರಿಂದ ನಾಲ್ಕು ಓಮ್ ಆಸುಪಾಸು ಬರಬೇಕು. ಒಂದೇ ವೈರಿನ ಕಂಪ್ರೆಸರಿನಲ್ಲಿ ಕಾಯಿಲ್‌ನ ಇನ್ನೊಂದು ತುದಿಯನ್ನು ಬಾಡಿಗೆ ಕೂಡಿಸಿರುತ್ತಾರೆ. ಎರಡು ವೈರಿನದರಲ್ಲಿ ಆ ತುದಿಯೂ ಹೊರಗೆ ಬಂದಿರುತ್ತದೆ, ಅಥವಾ ಎರಡನೆಯ ವೈರು ಬೇರೆಯೇ ಒಂದು ಭಾಗಕ್ಕೆ ಸೇರಿರುತ್ತದೆ. ಬಣ್ಣವನ್ನು ನಂಬಬೇಡಿ. ಕಪ್ಪು ಎಂದರೆ ಅರ್ಥಿಂಗ್ ಎಂಬ ನಿಯಮ ಕಂಪ್ರೆಸರ್ ವೈರುಗಳಿಗೆ ಅನ್ವಯಿಸುವುದಿಲ್ಲ. ನಿಮ್ಮಲ್ಲಂತೂ ಎರಡೂ ಕಪ್ಪು.

ಹೊಸೆದ ವೈರುಗಳನ್ನು ಬಿಚ್ಚಿ, ಕಾರಿನ ವೈರಿನಿಂದ ಬೇರ್ಪಡಿಸಿ. ಮೀಟರನ್ನು 200 ಓಮ್ ರೇಂಜಿಗೆ ಇಟ್ಟು, ಮೊದಲು ಅದರ ಎರಡು ಕಡ್ಡಿಗಳನ್ನೇ ಪರಸ್ಪರ ತಾಗಿಸಿ ನೋಡಿ. ಅಗ್ಗದ ಮೀಟರಾದರೆ ಅಲ್ಲೇ ಅರ್ಧ ಓಮ್ ತೋರಿಸುತ್ತದೆ, ಅಷ್ಟನ್ನು ಮುಂದಿನ ಅಳತೆಗಳಿಂದ ಕಳೆಯಬೇಕು. ಆಮೇಲೆ ಒಂದು ವೈರಿಗೂ ಕಂಪ್ರೆಸರ್ ಬಾಡಿಯ ಬೆಳ್ಳಗಿನ ಲೋಹಕ್ಕೂ ಹಿಡಿಯಿರಿ. ಬಣ್ಣ ಬಳಿದ ಜಾಗ ಬೇಡ. ಒಂದು ವೈರು ಸೊನ್ನೆ ತೋರಿಸಿ ಇನ್ನೊಂದು ಮೂರು-ನಾಲ್ಕು ಓಮ್ ತೋರಿಸಿದರೆ, ಸೊನ್ನೆ ತೋರಿಸಿದ್ದು ಅರ್ಥಿಂಗ್, ಇನ್ನೊಂದು ಪ್ಲಸ್. ನನ್ನ ಅಂದಾಜಿನಲ್ಲಿ ನಿಮ್ಮದು ಇದೇ. ಎರಡೂ ವೈರು ಬಾಡಿಗೆ ಏನೂ ತೋರಿಸದೆ, ತಮ್ಮ ತಮ್ಮ ನಡುವೆ ಮಾತ್ರ ಮೂರು-ನಾಲ್ಕು ಓಮ್ ತೋರಿಸಿದರೆ ಕಾಯಿಲ್ ಬಾಡಿಯಿಂದ ಬೇರೆಯಾಗಿದೆ. ಒಂದಕ್ಕೆ ಪ್ಲಸ್, ಮತ್ತೊಂದಕ್ಕೆ ಅರ್ಥಿಂಗ್ ನೀವೇ ಕೊಡಬೇಕು. ಆದರೆ ಹಾಗಿದ್ದರೆ ಫ್ಯೂಸ್ ಹೋಗಲು ಕಾರಣ ಬೇರೆ ಕಡೆ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೀಟರಿನ ರೇಂಜ್ ಏರಿಸಿ ನೋಡಿದಾಗ ನೂರಾರು ಓಮ್ ಬಂದರೆ ಕೈ ತೆಗೆಯಿರಿ. ಕೆಲವು ಜಪಾನಿ ಕಾರುಗಳ ಕಂಪ್ರೆಸರಿನಲ್ಲಿ ತಿರುಗುವ ವೇಗ ನೋಡುವ ಸೆನ್ಸರ್ ಇರುತ್ತದೆ, ಅದಕ್ಕೆ 12 ವೋಲ್ಟ್ ಕೊಡುವಂತಿಲ್ಲ. ಅಂಬಾಸಿಡರ್‌ಗೆ ಆ ಸೆನ್ಸರಿನ ಗೊಡವೆಯೇ ಇಲ್ಲ, ಆ ವೈರುಗಳನ್ನು ಟೇಪ್ ಸುತ್ತಿ ಮಡಿಚಿಡಬಹುದು.

ಹದಿನಾಲ್ಕು, ಹದಿನೈದು ಓಮ್ ಬಂದರೆ ಅದು 24 ವೋಲ್ಟ್ ಕಾಯಿಲ್, ಬಸ್ಸು ಲಾರಿಗಳದ್ದು. ಇದು ಅಪರೂಪವೇನಲ್ಲ. ಜೆ.ಸಿ. ರಸ್ತೆಯಲ್ಲಿ ಡಬ್ಬಿಯಲ್ಲಿರುವ ಹೊಸ ಮಾಲು ತಂದರೂ, ಶಿವಾಜಿನಗರದ ಗುಜರಿಯಿಂದ ಕಳಚಿದ ಮಾಲು ತಂದರೂ 12 ವೋಲ್ಟಿನದಕ್ಕೂ 24 ವೋಲ್ಟಿನದಕ್ಕೂ ಹೊರಮೈ ಒಂದೇ. 12 ವೋಲ್ಟ್ ಕೊಟ್ಟರೆ ಈ ಕಾಯಿಲ್ ತಟ್ಟೆಯನ್ನು ಅರೆಮನಸ್ಸಿನಿಂದ ಹಿಡಿಯುತ್ತದೆ. ಕ್ಲಚ್ ಜಾರಿ, ಕಾದು, ಬೇಗ ಸುಟ್ಟುಹೋಗುತ್ತದೆ. ಕಾಯಿಲ್ ಮಾತ್ರ ಬದಲಿಸಿಕೊಳ್ಳಬಹುದು, ಕಂಪ್ರೆಸರ್ ವಾಪಸ್ ಮಾಡಬೇಕಿಲ್ಲ.

ಇನ್ನೊಂದು ತೊಡಕೆಂದರೆ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಭಾಗ. ಕರೆಂಟು ಕಡಿದಾಗ ಕಾಯಿಲ್ ಒಂದು ಕ್ಷಣ ನೂರಾರು ವೋಲ್ಟ್ ಉಗುಳುತ್ತದೆ. ಅದನ್ನು ನುಂಗಲು ಕೆಲವು ಕಾಯಿಲ್‌ಗಳ ವೈರಿನ ಸ್ಲೀವ್ ಒಳಗೇ ಸಣ್ಣ ಡಯೋಡ್ ಕೂರಿಸಿರುತ್ತಾರೆ. ಕಾಯಿಲ್‌ಗೆ ಪ್ಲಸ್ ಮೈನಸ್ ಹಿಂದುಮುಂದಾದರೂ ನಡೆಯುತ್ತದೆ, ಡಯೋಡ್‌ಗೆ ನಡೆಯುವುದಿಲ್ಲ. ತಿರುಗಾಮುರುಗಾ ಕೊಟ್ಟರೆ ನೇರ ಶಾರ್ಟ್, ಫ್ಯೂಸ್ ಮತ್ತೆ ಹೋಗುತ್ತದೆ. ಓಮ್ ಅಳತೆಯಲ್ಲಿ ಈ ಡಯೋಡ್ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಮೀಟರಿನ ಸಣ್ಣ ವೋಲ್ಟೇಜ್ ಅದನ್ನು ತೆರೆಯುವಷ್ಟಿರುವುದಿಲ್ಲ. ಹಾಗಾಗಿ ನಾನು ಯಾವಾಗಲೂ 21 ವಾಟಿನ ಇಂಡಿಕೇಟರ್ ಬಲ್ಬ್ ಬಳಸುತ್ತೇನೆ. ಬ್ಯಾಟರಿಯ ಪ್ಲಸ್‌ನಿಂದ ಬಲ್ಬಿಗೆ, ಬಲ್ಬಿನಿಂದ ಕಂಪ್ರೆಸರಿನ ಒಂದು ವೈರಿಗೆ, ಇನ್ನೊಂದು ವೈರು ಬ್ಯಾಟರಿಯ ಮೈನಸ್‌ಗೆ. ಸರಿಯಾದ ದಿಕ್ಕಿನಲ್ಲಿದ್ದರೆ ಬಲ್ಬ್ ಸ್ವಲ್ಪ ಮಂಕಾಗಿ ಉರಿಯುತ್ತದೆ, ಏಕೆಂದರೆ ಕಾಯಿಲ್ ತನ್ನ ಪಾಲಿನ ವೋಲ್ಟೇಜ್ ಇಟ್ಟುಕೊಳ್ಳುತ್ತದೆ. ಪೂರ್ತಿ ಪ್ರಕಾಶ ಬಂದರೆ ಅದು ಶಾರ್ಟ್. ಕಾಯಿಲ್ ಬಾಡಿಯಿಂದ ಬೇರೆಯಾಗಿರುವ ಕಂಪ್ರೆಸರಾದರೆ ವೈರುಗಳನ್ನು ಅದಲುಬದಲು ಮಾಡಿ ಒಂದು ಕ್ಷಣ ನೋಡಿ. ಒಂದು ದಿಕ್ಕಿನಲ್ಲಿ ಮಂಕು, ಇನ್ನೊಂದರಲ್ಲಿ ಪೂರ್ತಿ ಬೆಳಕು ಬಂದರೆ ಒಳಗೆ ಡಯೋಡ್ ಇದೆ ಎಂದು ಖಾತ್ರಿ. ಮಂಕಾದದ್ದೇ ಸರಿಯಾದ ದಿಕ್ಕು. ಬಲ್ಬ್ ಮಧ್ಯದಲ್ಲಿರುವ ತನಕ ಏನು ತಪ್ಪಾಗಿ ಕೊಟ್ಟರೂ ಹೆಚ್ಚೆಂದರೆ ಬಲ್ಬ್ ಉರಿಯುತ್ತದೆ, ಫ್ಯೂಸ್ ಖರ್ಚಿಲ್ಲ.

ಒಳಗೆ ಡಯೋಡ್ ಇಲ್ಲದಿದ್ದರೆ ಹೊರಗೆ ಒಂದನ್ನು ಹಾಕಿ. 1ಎನ್5408 ಸಾಕು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಬೆಳ್ಳಿ ಗೆರೆಯಿರುವ ತುದಿ ಪ್ಲಸ್ ವೈರಿಗೆ, ಇನ್ನೊಂದು ಅರ್ಥಿಂಗಿಗೆ.

ಈಗ ಕಾರಿನ ಕಡೆಗೆ ಬರೋಣ. ಫ್ಯೂಸಿನ ತೊಂದರೆ ಸರಿಹೋದರೂ ಅಸಲು ಕಾಯಿಲೆ ಉಳಿಯುವುದು ಅಲ್ಲೇ ಎಂದು ನನ್ನ ಅಭಿಪ್ರಾಯ. ಆ ಕಾಲದಲ್ಲಿ ಅಂಬಾಸಿಡರ್‌ಗೆ ಕೂರಿಸುತ್ತಿದ್ದ ಎ.ಸಿ. ಕಿಟ್‌ಗಳಲ್ಲಿ ಬ್ಲೋವರ್ ಸ್ವಿಚ್ಚಿನಿಂದ ಹೊರಟ ಕರೆಂಟು ಥರ್ಮೋಸ್ಟ್ಯಾಟ್ ಮೂಲಕ, ಅಲ್ಲಿಂದ ಗ್ಯಾಸಿನ ಒತ್ತಡ ನೋಡುವ ಪ್ರೆಷರ್ ಸ್ವಿಚ್ ಮೂಲಕ ನೇರವಾಗಿ ಕ್ಲಚ್ಚಿಗೆ ಹೋಗುವುದು ಸಾಮಾನ್ಯ. ಈ ಸರಪಳಿಯ ಕ್ರಮ ಸರಿಯಾಗಿಯೇ ಇದೆ: ಬ್ಲೋವರ್ ತಿರುಗದೆ ಕ್ಲಚ್ ಹಿಡಿಯಬಾರದು, ಹಿಡಿದರೆ ಗಾಳಿ ತಂಪು ಮಾಡುವ ಕೂಲಿಂಗ್ ಕಾಯಿಲ್ ಮಂಜುಗಟ್ಟುತ್ತದೆ. ಆದರೆ ನಾಲ್ಕು ಆಂಪಿಯರ್ ಪೂರ್ತಿ ಆ ತೆಳು ವೈರು, ಹಳೆಯ ಸ್ವಿಚ್, ಕಪ್ಪುಗಟ್ಟಿದ ಕನೆಕ್ಟರುಗಳ ಮೂಲಕವೇ ಹರಿಯಬೇಕು. ಇಷ್ಟು ವರ್ಷಗಳ ನಂತರ ಬ್ಯಾಟರಿಯಲ್ಲಿ ಹದಿಮೂರೂವರೆ ವೋಲ್ಟ್ ಇದ್ದರೂ ಕ್ಲಚ್ಚಿಗೆ ತಲುಪುವುದು ಹನ್ನೊಂದೇ ಇರಬಹುದು. ಹೊಸ ಕಂಪ್ರೆಸರಿನ ಕ್ಲಚ್ ಜಾರಿ ಸುಟ್ಟಾಗ ‘ಡೂಪ್ಲಿಕೇಟ್ ಮಾಲು’ ಎಂದು ಅಂಗಡಿಯವರನ್ನು ಬೈಯುವವರು ಬಹಳ, ವೋಲ್ಟೇಜ್ ನೋಡುವವರು ಕಡಿಮೆ.

ಆದ್ದರಿಂದ ಒಂದು ರಿಲೇ ಹಾಕಿಸಿ, ಅಂದರೆ ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್. ಹಾರ್ನಿಗೆ, ಹೆಡ್‌ಲೈಟಿಗೆ ಹಾಕುವ ಸಾಮಾನ್ಯ ನಾಲ್ಕು ಕಾಲಿನ 12 ವೋಲ್ಟ್, 30 ಆಂಪಿಯರ್ ರಿಲೇ ಸಾಕು. ಕಾಲುಗಳ ಪಕ್ಕದಲ್ಲೇ ಅಂಕಿಗಳಿರುತ್ತವೆ. 30ಕ್ಕೆ ಬ್ಯಾಟರಿ ಪ್ಲಸ್‌ನಿಂದ ನೇರ ವೈರು, ಮಧ್ಯದಲ್ಲಿ 10 ಆಂಪಿಯರ್ ಫ್ಯೂಸ್. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ, ರಿಲೇ ಹತ್ತಿರ ಅಲ್ಲ. 87ರಿಂದ ಕಂಪ್ರೆಸರಿನ ಪ್ಲಸ್ ವೈರಿಗೆ. 86ಕ್ಕೆ, ಈಗ ಕ್ಲಚ್ಚಿಗೆ ಬರುತ್ತಿರುವ ಹಳೆಯ ವೈರು. 85 ಅರ್ಥಿಂಗ್. ಹೊಸದಾಗಿ ಎಳೆಯುವ ವೈರು 1.5 ಚದರ ಮಿಲಿಮೀಟರ್ ಇದ್ದರೆ ಧಾರಾಳ. ಹಳೆಯ ಸರಪಳಿ ಇದ್ದ ಹಾಗೇ ಉಳಿಯುತ್ತದೆ, ಆದರೆ ಅದು ಹೊರಬೇಕಾದದ್ದು ರಿಲೇಗೆ ಬೇಕಾದ ಅಲ್ಪ ಕರೆಂಟು ಮಾತ್ರ. ಕಾರ್ಬುರೇಟರಿನ ಐಡಲ್ ಏರಿಸುವ ಸೊಲೆನಾಯ್ಡ್‌ಗೆ ಆ ಹಳೆಯ ವೈರಿನಿಂದಲೇ ಕವಲು ಹೋಗಿದ್ದರೆ ಅದನ್ನು ಕಡಿಯಬೇಡಿ. ಕಡಿದರೆ ಸಿಗ್ನಲ್‌ನಲ್ಲಿ ನಿಂತಾಗ ಕ್ಲಚ್ ಹಿಡಿದೊಡನೆ ಎಂಜಿನ್ ಬಂದ್ ಆಗುತ್ತದೆ. ಕಂಡೆನ್ಸರ್ ಮುಂದಿನ ಫ್ಯಾನನ್ನು ಇದೇ ರಿಲೇಗೆ ಸೇರಿಸುವುದು ಬೇಡ, ಅದು ಎಳೆಯುವ ಕರೆಂಟು ಬಹಳ ಹೆಚ್ಚು. ಅದಕ್ಕೆ ಬೇರೆ ರಿಲೇ, ಬೇರೆ ಫ್ಯೂಸ್.

ಅರ್ಥಿಂಗ್ ವೈರನ್ನು ಎಲ್ಲಿಗೆ ಕೊಡಬೇಕು ಎಂಬುದು ನಿಮ್ಮ ಮೂಲ ಪ್ರಶ್ನೆ. ಕಂಪ್ರೆಸರಿನ ಬ್ರ್ಯಾಕೆಟ್ ಬೋಲ್ಟಿಗೆ ರಿಂಗ್ ಲಗ್ ಹಾಕಿ ಬಿಗಿಯಿರಿ. ಒಳಗೇ ಬಾಡಿಗೆ ಕೂಡಿರುವ ಕಾಯಿಲ್ ಆದರೂ ಇದನ್ನು ಮಾಡಿದರೆ ನಷ್ಟವಿಲ್ಲ. ಬ್ರ್ಯಾಕೆಟ್ಟಿಗೆ ಹೊಸ ಬಣ್ಣ ಬಳಿದಿದ್ದರೆ ಬೋಲ್ಟಿನ ಕೆಳಗೆ ಉಜ್ಜುಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಹಸಿರುಗಟ್ಟಿ ಅರ್ಧ ಎಳೆಗಳು ಕಡಿದಿದ್ದರೆ ಮೊದಲು ಅದನ್ನು ಬದಲಿಸಿ. ಪರೀಕ್ಷೆ ಸುಲಭ: ಕ್ಲಚ್ ಹಿಡಿದಿರುವಾಗ ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಕೆಂಪು ಕಡ್ಡಿ ಕಂಪ್ರೆಸರ್ ಬಾಡಿಯ ಮೇಲೆ. ಕಾಲು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ.

ಪ್ರೆಷರ್ ಸ್ವಿಚ್ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಗ್ಯಾಸ್ ತುಂಬುವ ಮೊದಲು ನೀವು ಎಷ್ಟು ಸರಿಯಾಗಿ ವೈರಿಂಗ್ ಮಾಡಿದರೂ ಕ್ಲಚ್ ಹಿಡಿಯುವುದಿಲ್ಲ, ಹಿಡಿಯಲೂಬಾರದು. ಒತ್ತಡ ಸುಮಾರು ಎರಡು ಬಾರ್‌ಗಿಂತ ಕೆಳಗಿದ್ದರೆ ಆ ಸ್ವಿಚ್ ಕರೆಂಟು ಕಡಿಯುತ್ತದೆ. ಕಂಪ್ರೆಸರಿನೊಳಗಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದರಿಂದ, ಗ್ಯಾಸಿಲ್ಲದೆ ತಿರುಗಿದರೆ ಎಣ್ಣೆ ತಲುಪದೆ ಅದು ಜಾಮ್ ಆಗುತ್ತದೆ. ‘ವೈರಿಂಗ್ ಸರಿಯಿದೆಯೋ ನೋಡೋಣ’ ಎಂದು ಆ ಸ್ವಿಚ್ಚಿನ ಎರಡು ವೈರುಗಳಿಗೆ ಒಂದು ತುಂಡು ವೈರು ಸಿಕ್ಕಿಸಿ, ಹಾಗೆಯೇ ಟೇಪ್ ಸುತ್ತಿ ಕಳಿಸಿರುವ ಕಾರುಗಳನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಹಳೆಯ ಕಂಪ್ರೆಸರ್ ಜಾಮ್ ಆದದ್ದು ಯಾಕೆ ಎಂದು ನೀವು ಬರೆದಿಲ್ಲ. ರಿಸೀವರ್ ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ) ಹತ್ತಿರ ಅಂಥ ತುಂಡು ವೈರು ಇದೆಯೇ ಎಂದು ಒಮ್ಮೆ ಇಣುಕಿ ನೋಡಿ. ವೈರಿಂಗ್ ಪರೀಕ್ಷಿಸಲೇಬೇಕಾದರೆ ಎಂಜಿನ್ ಬಂದ್ ಇರುವಾಗ ಕಂಪ್ರೆಸರ್ ವೈರಿಗೆ ಒಂದು ಗಳಿಗೆ ಕರೆಂಟು ಮುಟ್ಟಿಸಿ ‘ಟಕ್’ ಕೇಳಿದರೆ ಸಾಕು.

ಗ್ಯಾಸ್ ವಿಷಯ ಬೇರೆಯೇ ಅಧ್ಯಾಯ, ಎರಡು ಮಾತು ಮಾತ್ರ. 508 ಹಳೆಯ ಆರ್-12 ಗ್ಯಾಸಿನ ಕಾಲದ್ದು, ಅದರಲ್ಲಿದ್ದದ್ದು ಮಿನರಲ್ ಎಣ್ಣೆ. 5ಎಚ್14 ಅಷ್ಟೇ ಗಾತ್ರದ್ದು, ಎರಡೂ 138 ಸಿ.ಸಿ.; ಆದರೆ ಆರ್-134ಎ ಗ್ಯಾಸಿಗೆ ಬರುವ ಹೊಸದರಲ್ಲಿ ಪಿಎಜಿ ಎಂಬ ಕೃತಕ ಎಣ್ಣೆ ಇರುತ್ತದೆ. ಪೈಪುಗಳನ್ನು ಫ್ಲಷ್ ಮಾಡಿಸದೆ, ಡ್ರೈಯರ್ ಬದಲಿಸದೆ ಗ್ಯಾಸ್ ತುಂಬಿಸಬೇಡಿ. ತುಂಬಿಸಿದ ಮೇಲೆ, ಮೊದಲ ಸಲ ಕ್ಲಚ್ ಹಿಡಿಸುವ ಮುನ್ನ, ಎಂಜಿನ್ ಬಂದ್ ಇಟ್ಟು ಕ್ಲಚ್ ತಟ್ಟೆಯನ್ನು ಕೈಯಿಂದಲೇ ಹತ್ತು ಸುತ್ತು ತಿರುಗಿಸಿ. ಕಂಪ್ರೆಸರಿನ ತಲೆಭಾಗದಲ್ಲಿ ನಿಂತ ಎಣ್ಣೆ ಆಚೆ ಹೋಗಲಿ. ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ಫೀಲರ್ ಗೇಜಿನಲ್ಲಿ 0.4ರಿಂದ 0.8 ಮಿಲಿಮೀಟರ್ ಒಳಗೆ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಎಂಜಿನ್ ಬಿಸಿಯಾದ ಮೇಲೆ ಕ್ಲಚ್ ಹಿಡಿಯದೆ ಸತಾಯಿಸುತ್ತದೆ, ಆಗ ಮತ್ತೆ ವೈರಿಂಗಿನ ಮೇಲೆ ಅನುಮಾನ ಬರುತ್ತದೆ.

ಇನ್ನು, ಕಾಯಿಲ್ ಬಾಡಿಯಿಂದ ಬೇರೆಯಾಗಿದೆ ಎಂದು ಮೀಟರ್ ಹೇಳಿದರೆ, ಅಥವಾ ಕಂಪ್ರೆಸರ್ ವೈರುಗಳನ್ನು ಪೂರ್ತಿ ಬಿಚ್ಚಿಟ್ಟು ಸ್ವಿಚ್ ಹಾಕಿದರೂ ಫ್ಯೂಸ್ ಹೋಗುತ್ತಿದ್ದರೆ, ಶಾರ್ಟ್ ಇರುವುದು ಕಾರಿನ ವೈರಿನಲ್ಲಿ. ಹೋದ ಫ್ಯೂಸಿನ ಎರಡು ತುದಿಗಳ ಮಧ್ಯೆ ಅದೇ 21 ವಾಟಿನ ಬಲ್ಬ್ ಸಿಕ್ಕಿಸಿ. ಬ್ಲೋವರಿಗೂ ಅದೇ ಫ್ಯೂಸ್ ಇದ್ದರೆ ಬ್ಲೋವರ್ ಮೋಟರಿನ ಪ್ಲಗ್ ಕಿತ್ತಿಡಿ, ಇಲ್ಲದಿದ್ದರೆ ಬಲ್ಬ್ ಸುಮ್ಮನೆ ಉರಿದು ದಾರಿ ತಪ್ಪಿಸುತ್ತದೆ. ಸ್ವಿಚ್ ಹಾಕಿ, ವೈರಿಂಗ್ ಸಾಗುವ ದಾರಿಯುದ್ದಕ್ಕೂ ಅಲ್ಲಲ್ಲಿ ಹಿಡಿದು ಅಲುಗಾಡಿಸುತ್ತಾ ಹೋಗಿ. ಬಲ್ಬ್ ಎಲ್ಲಿ ಮಿಣುಕುತ್ತದೋ ಅಲ್ಲಿದೆ ತಪ್ಪು. ಮೊದಲು ನೋಡಬೇಕಾದ ಜಾಗ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯಲ್ಲಿ ವೈರು ತೂರಿ ಬರುವ ರಂಧ್ರ. ಅಲ್ಲಿನ ರಬ್ಬರ್ ಬಳೆ ಒಣಗಿ ಉದುರಿಹೋಗಿದ್ದರೆ ತಗಡಿನ ಅಂಚು ವೈರಿನ ಮೈಯನ್ನು ಕೊರೆದಿರುತ್ತದೆ. ಆ ಭಾಗದ ವೈರು ಕತ್ತರಿಸಿ ಹೊಸದು ಹಾಕಿ, ಹೊಸ ಬಳೆಯನ್ನೂ ಹಾಕಿಸಿ.