ಐದನೇ ಲೋಕಸಭೆಗೆ ಹತ್ತು ತಿಂಗಳು ಹೆಚ್ಚು ಬಂದದ್ದು ಎಲ್ಲಿಂದ?

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಲೋಕಸಭೆಯ ಅವಧಿ ಐದು ವರ್ಷ ಎಂದೇ ಎಲ್ಲ ಪುಸ್ತಕಗಳಲ್ಲೂ ಇದೆ. ಆದರೆ ಐದನೇ ಲೋಕಸಭೆ 1971ರ ಮಾರ್ಚ್‌ನಲ್ಲಿ ಶುರುವಾಗಿ 1977ರ ಜನವರಿಯಲ್ಲಿ ಮುಗಿದಿದೆ. ಲೆಕ್ಕ ಹೊಂದುತ್ತಿಲ್ಲ. ಇನ್ನೊಂದು ಸಂಶಯ: ಆ ಸಭೆಯ ಸದಸ್ಯರ ಪಟ್ಟಿಗಳಲ್ಲಿ ನಮ್ಮ ರಾಜ್ಯದವರನ್ನು ಒಂದು ಕಡೆ ‘ಮೈಸೂರು’ ಎಂದೂ ಮತ್ತೊಂದು ಕಡೆ ‘ಕರ್ನಾಟಕ’ ಎಂದೂ ಹಾಕಿದ್ದಾರೆ. ಮಂಡ್ಯಕ್ಕೆ ಎರಡು ಹೆಸರುಗಳಿವೆ. ಯಾವುದು ಸರಿ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಆ ಹತ್ತು ತಿಂಗಳನ್ನು ನಾನಂತೂ ಮರೆಯುವ ಹಾಗೇ ಇಲ್ಲ. ನನ್ನ ಮೊದಲ ವೋಟು ಸಿಕ್ಕಿಹಾಕಿಕೊಂಡದ್ದು ಅದರಲ್ಲೇ.

ನಾನು ಹುಟ್ಟಿದ್ದು 1954ರ ಅಕ್ಟೋಬರ್‌ನಲ್ಲಿ. ಆಗ ವೋಟು ಹಾಕಲು 21 ತುಂಬಿರಬೇಕಿತ್ತು. ಅದು 18ಕ್ಕೆ ಇಳಿದದ್ದು 1989ರಲ್ಲಿ. 1971ರ ಚುನಾವಣೆಯ ದಿನ ಅಪ್ಪನ ಜೊತೆ ಶಾಲೆಯ ಗೇಟಿನವರೆಗೆ ಹೋಗಿ ಹೊರಗೇ ನಿಂತಿದ್ದೆ. ‘ಮುಂದಿನ ಸಲ ನಿಂದೂ ಇರುತ್ತೆ’ ಅಂದಿದ್ದರು ಅಪ್ಪ. ಮುಂದಿನ ಸಲ ಎಂದರೆ 1976. ಆ ವರ್ಷ ನಾನು ಮಾನಸ ಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರದ ಎಂಎ ವಿದ್ಯಾರ್ಥಿನಿ. ವಯಸ್ಸು ತುಂಬಿತ್ತು, ಪಟ್ಟಿಯಲ್ಲಿ ಹೆಸರೂ ಇತ್ತು. ಚುನಾವಣೆಯೇ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದಕ್ಕೆ ಸಂವಿಧಾನದ 83ನೇ ವಿಧಿ ನೋಡಿ. ಲೋಕಸಭೆಯ ಐದು ವರ್ಷವನ್ನು ಎಣಿಸುವುದು ಫಲಿತಾಂಶ ಬಂದ ದಿನದಿಂದಲ್ಲ, ಅದರ ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ. ಐದನೇ ಲೋಕಸಭೆ ಮೊದಲು ಸೇರಿದ್ದು 1971ರ ಮಾರ್ಚ್ 19ರಂದು. ಹಾಗಾಗಿ 1976ರ ಮಾರ್ಚ್ 18ಕ್ಕೆ ಅದು ತಾನಾಗಿಯೇ ಮುಗಿಯಬೇಕಿತ್ತು. ಆದರೆ ಅದೇ ವಿಧಿಯಲ್ಲಿ ಇನ್ನೊಂದು ಮಾತಿದೆ: ತುರ್ತುಪರಿಸ್ಥಿತಿಯ ಘೋಷಣೆ ಜಾರಿಯಲ್ಲಿದ್ದಾಗ ಸಂಸತ್ತು ಕಾನೂನು ಮಾಡಿ, ಒಂದು ಸಲಕ್ಕೆ ಒಂದು ವರ್ಷ ಮೀರದಂತೆ, ಈ ಅವಧಿಯನ್ನು ಬೆಳೆಸಬಹುದು. ಘೋಷಣೆ ಹೋದ ಮೇಲೆ ಆರು ತಿಂಗಳಿಗಿಂತ ಹೆಚ್ಚು ಬೆಳೆಸುವಂತಿಲ್ಲ.

ಆಗ ಇದ್ದದ್ದು ಒಂದಲ್ಲ, ಎರಡು ಘೋಷಣೆ. ಬಾಂಗ್ಲಾ ಯುದ್ಧದ ಕಾಲಕ್ಕೆ, 1971ರ ಡಿಸೆಂಬರ್ 3ರಂದು ಹೊರಡಿಸಿದ್ದನ್ನು ಯುದ್ಧ ಮುಗಿದ ಮೇಲೂ ಹಿಂತೆಗೆದುಕೊಂಡಿರಲಿಲ್ಲ. ಅದರ ಮೇಲೆ 1975ರ ಜೂನ್ 25ರ ರಾತ್ರಿಯದ್ದು. ಇವೆರಡನ್ನೂ ಆಧಾರ ಮಾಡಿಕೊಂಡು 1976ರ ಫೆಬ್ರವರಿಯಲ್ಲಿ ಸಂಸತ್ತು ಲೋಕಸಭೆಯ ಅವಧಿಯನ್ನು 1977ರ ಮಾರ್ಚ್‌ವರೆಗೆ ಬೆಳೆಸಿತು. ಅದೇ ನವೆಂಬರ್‌ನಲ್ಲಿ ಇನ್ನೂ ಒಂದು ವರ್ಷ ಸೇರಿಸಿ 1978ರ ಮಾರ್ಚ್ ಮಾಡಿತು. ನಮ್ಮಿಂದ ಐದು ವರ್ಷಕ್ಕೆಂದು ವೋಟು ಪಡೆದು ಹೋದವರು ಏಳು ವರ್ಷಕ್ಕೆ ತಾವೇ ಕೈ ಎತ್ತಿಕೊಂಡರು. ಕಾನೂನಿನ ಅಕ್ಷರಕ್ಕೆ ಅದು ಸರಿಹೊಂದುತ್ತಿತ್ತು. ಜನರನ್ನು ಕೇಳಿರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ಮೇಲೂ ಈ ಮಾತು ಬಂದಾಗ ನನಗೆ ಹೊಟ್ಟೆ ಉರಿಯುತ್ತದೆ.

ಆ ಸದನದ ಎಷ್ಟೋ ಸದಸ್ಯರು ಆಗ ಜೈಲಿನಲ್ಲಿದ್ದರು ಎಂಬುದನ್ನೂ ಮರೆಯಬೇಡಿ. ಗ್ವಾಲಿಯರ್‌ನ ಅಟಲ್ ಬಿಹಾರಿ ವಾಜಪೇಯಿ, ರಾಜಾಪುರದ ಮಧು ದಂಡವತೆ, ಬೇಗುಸರಾಯ್‌ನ ಶ್ಯಾಮನಂದನ ಮಿಶ್ರ, ಇವರನ್ನು ಹಿಡಿದದ್ದು ನಮ್ಮ ಬೆಂಗಳೂರಿನಲ್ಲೇ, 1975ರ ಜೂನ್ 26ರಂದು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬಂದವರು ಸೆಂಟ್ರಲ್ ಜೈಲು ಸೇರಿದರು. ಜೊತೆಗೆ ರಾಜ್ಯಸಭೆಯ ಲಾಲ್ ಕೃಷ್ಣ ಅಡ್ವಾಣಿ ಇದ್ದರು. ಈಗ ಫ್ರೀಡಂ ಪಾರ್ಕ್ ಎನ್ನುತ್ತೇವಲ್ಲ, ಅದೇ ಜಾಗ. ಬೆಂಗಳೂರಿಗೆ ಹೋದಾಗ ಒಮ್ಮೆ ಆ ಬ್ಯಾರಕ್‌ಗಳ ಮುಂದೆ ನಿಂತು ಬನ್ನಿ, ಓದಿದ್ದು ಮನಸ್ಸಿಗೆ ಇಳಿಯುತ್ತದೆ.

ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಎರಡು ಹೆಸರು ಬರೆದುಕೊಳ್ಳಿ, ಪರೀಕ್ಷೆಗೆ ಬರಲಿ ಬಿಡಲಿ. ಮಧು ಲಿಮಯೆ, ಬಿಹಾರದ ಬಾಂಕಾ ಕ್ಷೇತ್ರ. ಶರದ್ ಯಾದವ್, ಮಧ್ಯಪ್ರದೇಶದ ಜಬಲ್‌ಪುರ. ಇಬ್ಬರೂ ಉಪಚುನಾವಣೆಯಲ್ಲಿ ಗೆದ್ದು ಬಂದವರು. ಜನ ಕೊಟ್ಟ ಐದು ವರ್ಷ ಮುಗಿಯಿತು, ಇನ್ನು ಸದಸ್ಯನಾಗಿರಲು ನನಗೆ ಹಕ್ಕಿಲ್ಲ ಎಂದು 1976ರಲ್ಲಿ ಸೆರೆಯಲ್ಲಿದ್ದುಕೊಂಡೇ ರಾಜೀನಾಮೆ ಕೊಟ್ಟರು. ಯಾದವ್‌ಗೆ ಆಗ ಮೂವತ್ತು ಕೂಡ ತುಂಬಿರಲಿಲ್ಲ. ಸದಸ್ಯರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ರಾಜೀನಾಮೆ’ ಎಂಬ ಒಂದು ಪದ ಅಷ್ಟೇ ಇರುತ್ತದೆ. ಆ ಪದವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಎರಡು ಸಲ ಓದಿ ಹೇಳುತ್ತಿದ್ದೆ.

ಕೊನೆಗೆ 1977ರ ಜನವರಿ 18ರ ಸಂಜೆ, ಹಾಸ್ಟೆಲಿನ ರೇಡಿಯೊದಲ್ಲಿ ಇಂದಿರಾ ಗಾಂಧಿಯವರು ಚುನಾವಣೆ ಘೋಷಿಸಿದ್ದನ್ನು ಕೇಳಿದೆವು. ಲೋಕಸಭೆ ವಿಸರ್ಜನೆಯಾಯಿತು. 1976ರ ಮಾರ್ಚ್ 18ರಿಂದ ಅಲ್ಲಿಗೆ ಸರಿಯಾಗಿ ಹತ್ತು ತಿಂಗಳು. ನೀವು ಕೇಳಿದ ಹೆಚ್ಚುವರಿ ಅದೇ. ಉಳಿದ ಹದಿನಾಲ್ಕು ತಿಂಗಳು ಕಾಗದದಲ್ಲೇ ಉಳಿಯಿತು.

ಮಾರ್ಚ್‌ನಲ್ಲಿ ಬಸ್ಸು ಹಿಡಿದು ಹಾಸನದ ಹತ್ತಿರದ ನಮ್ಮೂರಿಗೆ ಹೋದೆ. ಅದೇ ಶಾಲೆ, ಅದೇ ಗೇಟು, ಈ ಸಲ ಒಳಗೆ. ಗೋಣಿಪಟ್ಟೆಯ ಮರೆಯಲ್ಲಿ ಒಂದು ಮೇಜು, ಮೇಲೆ ಇಂಕ್ ಪ್ಯಾಡು, ಹಿಡಿ ಸವೆದ ರಬ್ಬರ್ ಮೊಹರು. ಮತಪತ್ರದಲ್ಲಿ ಕಾಂಗ್ರೆಸ್ಸಿನ ಹಸು-ಕರು, ಜನತಾ ಪಕ್ಷದ ನೇಗಿಲು ಹೊತ್ತ ರೈತ. ಮಸಿ ಆಚೆ ಬದಿಗೆ ಅಂಟೀತು ಎಂದು ಕಾಗದಕ್ಕೆ ಉಸಿರು ಊದಿ, ಉದ್ದಕ್ಕೆ ಮಡಿಸಿ ಪೆಟ್ಟಿಗೆಗೆ ಹಾಕಿದೆ. ಅಪ್ಪ ಹೊರಗೆ ಕಾಯುತ್ತಿದ್ದರು. ರಾಜ್ಯದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಜನತಾ ಪಕ್ಷಕ್ಕೆ ದಕ್ಕಿದ್ದು ಎರಡೇ, ಬೆಂಗಳೂರು ದಕ್ಷಿಣ ಮತ್ತು ನಮ್ಮ ಹಾಸನ.

ಇಲ್ಲೊಂದು ಗೊಂದಲ ಬೇಡ. 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನೇ ಆರು ವರ್ಷ ಮಾಡಿತ್ತು, ವಿಧಾನಸಭೆಗಳದ್ದನ್ನೂ. ಅದು ಈ ವಿಸ್ತರಣೆಗಳಿಂದ ಬೇರೆ ವಿಷಯ. ಹಾಗಾಗಿ ನಾವು ಆರಿಸಿ ಕಳಿಸಿದ ಆರನೇ ಲೋಕಸಭೆಗೆ ಆರು ವರ್ಷವಿತ್ತು. ಅದನ್ನು ಮತ್ತೆ ಐದಕ್ಕೆ ತಂದ 44ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟದ್ದು ಆ ಸಭೆಯೇ. ತಮ್ಮ ಅವಧಿಯನ್ನು ತಾವೇ ಕಡಿಮೆ ಮಾಡಿಕೊಂಡ ಆ ಸದಸ್ಯರ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ.

ಇನ್ನು ಮೈಸೂರೋ ಕರ್ನಾಟಕವೋ? ಎರಡೂ ಸರಿ. 1971ರಲ್ಲಿ ಗೆದ್ದಾಗ ನಮ್ಮದು ಮೈಸೂರು ರಾಜ್ಯ, 27 ಸ್ಥಾನ, ಅಷ್ಟೂ ಇಂದಿರಾ ಕಾಂಗ್ರೆಸ್ಸಿಗೆ. 1973ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು, ಸದಸ್ಯರು ಅವರೇ. ಮಂಡ್ಯದಲ್ಲಿ ಗೆದ್ದ ಎಸ್.ಎಂ. ಕೃಷ್ಣ ಅವರು 1972ರಲ್ಲಿ ರಾಜೀನಾಮೆ ಕೊಟ್ಟು ದೇವರಾಜ ಅರಸರ ಸಂಪುಟ ಸೇರಿದರು. ಎರಡನೇ ಹೆಸರು ಆಮೇಲೆ ಉಪಚುನಾವಣೆಯಲ್ಲಿ ಬಂದವರದ್ದು. ಉತ್ತರ ಬರೆಯುವಾಗ 1971ರ ಫಲಿತಾಂಶ ಕೇಳಿದ್ದರೆ ‘ಮೈಸೂರು’ ಎಂದೇ ಬರೆಯಿರಿ.