ಮಳೆಯಲ್ಲಿ ಬೆಟ್ಟ ಹತ್ತಲು ಜಾಕೆಟ್: ಅಂಕಿ ಆಮೇಲೆ, ಮೊದಲು ಜಿಪ್ ನೋಡಿ

ನಮ್ಮ ಸೈಕಲ್ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ಓದಿ ಸ್ವಲ್ಪ ನಗು ಬಂತು, ತಪ್ಪು ತಿಳಿಯಬೇಡಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದ್ದೆ. ನಿಮ್ಮ ಹತ್ತಿರ ಲೇಬಲ್ಲಿನಲ್ಲಿ 10,000 ಅಂತ ಬರೆದ ಜಾಕೆಟ್ ಇದೆ (ಅದು ಬೆಲೆ ಅಲ್ಲ, ನೀರು, ಆವಿಯ ಲೆಕ್ಕ, ಮುಂದೆ ಹೇಳುತ್ತೇನೆ). ಮಳೆಯಲ್ಲಿ ಮೌಂಟನ್ ಬೈಕ್ ತುಳಿದುಕೊಂಡು ಏರು ಹತ್ತಿದರೆ ಒಳಗೆಲ್ಲಾ ಒದ್ದೆ. 20,000ದ್ದು ತಗೊಂಡರೆ ಸರಿಹೋಗುತ್ತದಾ, ಹುಡ್ ಬೇಕಾ ಬೇಡ್ವಾ, ಇಷ್ಟೇ ಅಲ್ವಾ ಕೇಳಿದ್ದು? ಉತ್ತರ ಉದ್ದ ಆಗುತ್ತದೆ. ಪುರುಸೊತ್ತು ಇದ್ದಾಗ ಓದಿ.

ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಒಂದು ಕೆಲಸ ಮಾಡಿ. ಈಗಿನ ಜಾಕೆಟ್ಟಿನ ಭುಜದ ಭಾಗವನ್ನು ಒಂದು ಪಾತ್ರೆಯ ಮೇಲೆ ಗುಳಿ ಬೀಳುವ ಹಾಗೆ ಹಾಸಿ, ಅದರಲ್ಲಿ ಒಂದು ಲೋಟ ನೀರು ಹಾಕಿ ರಾತ್ರಿ ಬಿಟ್ಟುಬಿಡಿ. ಬೆಳಗ್ಗೆ ಪಾತ್ರೆಯ ತಳ ನೋಡಿ. ನಾನು ಒಂದು ಜಾಕೆಟ್ಟನ್ನು 'ಸೋರುತ್ತೆ' ಅಂತ ಬೈದು ಮೂಲೆಗೆ ಎಸೆದಿದ್ದೆ. ಆರು ತಿಂಗಳ ಮೇಲೆ ಸುಮ್ನೆ ಕುತೂಹಲಕ್ಕೆ ಹೀಗೆ ನೀರು ನಿಲ್ಲಿಸಿ ನೋಡಿದರೆ ಒಂದು ಹನಿಯೂ ಇಳಿದಿರಲಿಲ್ಲ. ಜಾಕೆಟ್ ಚೆನ್ನಾಗಿಯೇ ಇತ್ತು. ಅಷ್ಟು ದಿನ ನನ್ನನ್ನು ತೋಯಿಸಿದ್ದು ನನ್ನದೇ ಬೆವರು. ನಿಮ್ಮದೂ ಹಾಗೇ ಇರಬಹುದು ಅಂತ ನನ್ನ ಅನುಮಾನ, ಯಾಕೆಂದರೆ ಏರು ಹತ್ತುವಾಗ ಒದ್ದೆ ಅಂತ ನೀವೇ ಬರೆದಿದ್ದೀರಿ. ಮಳೆ ಒಳಗೆ ಬರುತ್ತಿದ್ದರೆ ಇಳಿಯುವಾಗಲೂ ಬರಬೇಕಿತ್ತು.

ಈಗ ಆ ಅಂಕಿಗಳ ವಿಷಯ. ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಎರಡು ಇರುತ್ತವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಮಿ.ಮೀ. ಅಂತ ಇರುವುದು ನೀರು ತಡೆಯುವ ಶಕ್ತಿ. 10,000 ಮಿ.ಮೀ. ಅಂದರೆ 10 ಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಡೆಯುತ್ತದೆ ಅಂತ ಲೆಕ್ಕ. ಬೀಳುವ ಮಳೆಗೆ ಅಷ್ಟು ಒತ್ತಡ ಇಲ್ಲವೇ ಇಲ್ಲ. ಬ್ಯಾಗಿನ ಪಟ್ಟಿ ಭುಜವನ್ನು ಒತ್ತುವ ಕಡೆ, ಒದ್ದೆ ಕಲ್ಲಿನ ಮೇಲೆ ಕೂತಾಗ, ಅಲ್ಲಿ ಮಾತ್ರ ಜಾಸ್ತಿ ಬೇಕಾಗುತ್ತದೆ. ಬ್ಯಾಗ್ ಹಾಕದವರಿಗೆ 10,000 ಸಾಕು. ಹಾಕುವವರು 20,000ದ ಕಡೆ ನೋಡಲಿ.

ಇನ್ನೊಂದು ಅಂಕಿ ಗ್ರಾಂನಲ್ಲಿ ಇರುತ್ತದೆ. ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಯಲ್ಲಿ ಎಷ್ಟು ಗ್ರಾಂ ನೀರಾವಿ ಹೊರಗೆ ಹೋಗುತ್ತದೆ ಅನ್ನುವುದು ಅದು. 20,000 ಅಂದರೆ ಗಂಟೆಗೆ ಸುಮಾರು 830 ಗ್ರಾಂ. ಜೋರಾಗಿ ಏರು ತುಳಿಯುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಬರುವುದು ಮಾಮೂಲು. ಕಾಗದದ ಮೇಲೆ ಎರಡೂ ಹೆಚ್ಚುಕಡಿಮೆ ಹೊಂದಿಕೊಳ್ಳುತ್ತವೆ, ಅಲ್ವಾ? ಆದರೆ ಆ 830 ಗ್ರಾಂ ಪ್ರಯೋಗಾಲಯದ ಲೆಕ್ಕ. ಪರೀಕ್ಷೆ ಮಾಡುವ ರೀತಿಯೂ ಒಂದೇ ಇಲ್ಲ. ಅದೇ ಬಟ್ಟೆಯನ್ನು ನೀರಿನ ಬಟ್ಟಲಿನ ಮೇಲೆ ಕಟ್ಟಿ ನೆಟ್ಟಗೆ ಇಟ್ಟು ಅಳೆದರೆ ಒಂದು ಅಂಕಿ ಬರುತ್ತದೆ, ಬಟ್ಟಲನ್ನು ಬೋರಲು ಹಾಕಿ ಅಳೆದರೆ ಅದಕ್ಕಿಂತ ತುಂಬಾ ದೊಡ್ಡ ಅಂಕಿ ಬರಬಹುದು. ಹಾಗಾಗಿ ಒಂದು ಕಂಪನಿಯ 20,000ವನ್ನು ಇನ್ನೊಂದು ಕಂಪನಿಯ 15,000ದ ಪಕ್ಕ ಇಟ್ಟು ಹೋಲಿಸುವುದು ಕತ್ತಲಲ್ಲಿ ತಡಕಾಡಿದ ಹಾಗೆ. ಕೆಲವರು ಆರ್‌ಇಟಿ ಅಂತ ಬೇರೆ ಅಂಕಿ ಕೊಡುತ್ತಾರೆ. ಅದು ಆವಿಗೆ ಬಟ್ಟೆ ಎಷ್ಟು ಅಡ್ಡಿ ಮಾಡುತ್ತದೆ ಅನ್ನುವ ಲೆಕ್ಕ. ಅಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು. 6ಕ್ಕಿಂತ ಕೆಳಗಿದ್ದರೆ ಭೇಷ್. 20 ದಾಟಿದ್ದನ್ನು ಸೈಕಲ್ಲಿಗೆ ಹಾಕಲೇಬೇಡಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಹೋಗುತ್ತದೆ. ಮಳೆ ಬರುವಾಗ ಹೊರಗಿನ ಗಾಳಿ ತೇವದಿಂದ ತುಂಬಿಹೋಗಿರುತ್ತದೆ. ಜಾಕೆಟ್ ಒಳಗೆ 30 ಡಿಗ್ರಿ, ಹೊರಗೆ 10 ಡಿಗ್ರಿ ಅಂದುಕೊಳ್ಳಿ. ಎರಡೂ ಕಡೆ ಗಾಳಿ ಪೂರ್ತಿ ತೇವವಾಗಿದ್ದರೂ ಒತ್ತಡದ ವ್ಯತ್ಯಾಸ ಸುಮಾರು 3 ಕಿಲೋಪಾಸ್ಕಲ್ ಇರುತ್ತದೆ. ಅದೇ ಹೊರಗೆ 25 ಡಿಗ್ರಿ ಇದ್ದರೆ ವ್ಯತ್ಯಾಸ 1ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಅದೇ ಬಟ್ಟೆ, ಅದೇ ಬೆವರು, ಆದರೆ ಆವಿಯನ್ನು ಹೊರಗೆ ತಳ್ಳುವ ಬಲ ಮೂರನೇ ಒಂದು ಭಾಗಕ್ಕೆ ಬಂತು. ಬೆಚ್ಚಗಿನ ಮಳೆಯಲ್ಲಿ ಎಷ್ಟು ದುಬಾರಿ ಜಾಕೆಟ್ ಹಾಕಿದರೂ ಬೇಯಿಸಿದ ಹಾಗಾಗುವುದು ಇದಕ್ಕೇ. ಅಂಥ ದಿನ ನಾನು ಜಾಕೆಟ್ ಹಾಕುವುದೇ ಇಲ್ಲ. ನೆನೆದುಕೊಂಡೇ ತುಳಿಯುತ್ತೇನೆ, ನಿಂತಾಗ ಮಾತ್ರ ಬ್ಯಾಗಿನಿಂದ ತೆಗೆದು ಹಾಕಿಕೊಳ್ಳುತ್ತೇನೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಬಟ್ಟೆ ಎರಡನೆಯದು, ಗಾಳಿ ಆಡುವ ಬಾಗಿಲು ಮೊದಲನೆಯದು. ಕಂಕುಳ ಕೆಳಗೆ ಉದ್ದದ ಜಿಪ್ ಇದೆಯಾ ನೋಡಿ. ಗೇಣುದ್ದದ್ದು ಸಾಲದು. ತೋಳಿನ ಮಧ್ಯದಿಂದ ಪಕ್ಕೆಲುಬಿನವರೆಗೆ ಬಂದರೆ ಚೆನ್ನ. ಆ ಜಿಪ್ ಗ್ಲೌಸ್ ಹಾಕಿದ ಒಂದೇ ಕೈಯಲ್ಲಿ, ಜಾಕೆಟ್ ಮೈಮೇಲೆ ಇರುವಾಗಲೇ ತೆಗೆಯಲು ಬರಬೇಕು. ಹಾಕಿ ನೋಡಿದರೆ ಅರ್ಧಕ್ಕರ್ಧ ಜಾಕೆಟ್‌ಗಳು ಇಲ್ಲೇ ಫೇಲಾಗುತ್ತವೆ. ಮುಂದಿನ ಜಿಪ್ ಎರಡೂ ಕಡೆಯಿಂದ ತೆರೆಯುವಂಥದ್ದಾದರೆ ಇನ್ನೂ ಒಳ್ಳೆಯದು. ಕೆಳಗಿನಿಂದ ಒಂದಿಷ್ಟು ತೆಗೆದರೆ ಹೊಟ್ಟೆಯ ಹತ್ತಿರ ಗಾಳಿ ಆಡುತ್ತದೆ, ಎದೆಗೆ ಮಳೆ ಬೀಳುವುದಿಲ್ಲ. ಒಳಗೆ ಜಾಲರಿ ಇರುವ ಜೇಬುಗಳನ್ನೂ ತೆರೆದಿಟ್ಟು ಗಾಳಿಗೆ ಬಳಸಬಹುದು. ಆದರೆ ಫೋನ್ ಅಲ್ಲಿ ಇಡಬೇಡಿ, ನಾನು ಒಂದು ಕಳೆದುಕೊಂಡಿದ್ದೇನೆ.

ಇನ್ನು ಬಟ್ಟೆ. ನೀರು ತಡೆದು ಆವಿ ಬಿಡುವ ಗೋರ್‌ಟೆಕ್ಸ್ ಪೊರೆ ಹುಟ್ಟಿದ ಕಥೆ ನನಗೆ ಇಷ್ಟ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಬಿಸಿ ಮಾಡಿದ ಪಿಟಿಎಫ್‌ಇ (ಟೆಫ್ಲಾನ್ ಅನ್ನುತ್ತೇವಲ್ಲ, ಅದೇ ಪ್ಲಾಸ್ಟಿಕ್) ಕಡ್ಡಿಯನ್ನು ನಿಧಾನಕ್ಕೆ ಎಳೆದು ಎಳೆದು ಸಾಕಾಗಿ, ಒಮ್ಮೆ ಜೋರಾಗಿ ಜಗ್ಗಿದರು. ತುಂಡಾಗುವ ಬದಲು ಅದು ಹಲವು ಪಟ್ಟು ಹಿಗ್ಗಿತು. ಹಾಗೆ ಹಿಗ್ಗಿದ ಪೊರೆಯಲ್ಲಿ ಸಣ್ಣ ಸಣ್ಣ ರಂಧ್ರಗಳು. ನೀರಿನ ಹನಿ ನುಗ್ಗಲಾಗದಷ್ಟು ಸಣ್ಣವು, ಆವಿ ದಾಟುವಷ್ಟು ದೊಡ್ಡವು. ಇವತ್ತಿನ ಜಾಕೆಟ್‌ಗಳಲ್ಲಿ ಈ ಪೊರೆ ಎರಡು ಬಟ್ಟೆಗಳ ಮಧ್ಯೆ ಅಂಟಿಕೊಂಡಿದ್ದರೆ ಅದು 3 ಲೇಯರ್. ಒಳಗಡೆ ಬಟ್ಟೆಯ ಬದಲು ತೆಳ್ಳನೆಯ ಲೇಪ ಇದ್ದರೆ 2.5 ಲೇಯರ್. ಎರಡೂವರೆಯದು ಹಗುರ, ಮಡಚಿದರೆ ಮುಷ್ಟಿಯಷ್ಟಾಗುತ್ತದೆ, ಬೆಲೆಯೂ ಕಡಿಮೆ. ಆದರೆ ಬೆವರಿದಾಗ ಬರಿಗೈಗೆ ಪ್ಲಾಸ್ಟಿಕ್ ಅಂಟಿದ ಹಾಗೆ ಅಂಟುತ್ತದೆ. ವಾರವಾರ ಮಳೆಯಲ್ಲಿ ಹೋಗುವವರು 3 ಲೇಯರ್ ತಗೊಳ್ಳಿ. 'ಇರಲಿ ಒಂದು' ಅಂತ ಬ್ಯಾಗಿನಲ್ಲಿ ಇಟ್ಟುಕೊಳ್ಳುವವರಿಗೆ 2.5 ಸಾಕು. ಪೋಲಾರ್‌ಟೆಕ್ ನಿಯೋಶೆಲ್ ಥರದ, ಗಾಳಿಯನ್ನೂ ಚೂರು ಒಳಗೆ ಬಿಡುವ ಪೊರೆಗಳೂ ಇವೆ. ಏರು ಜಾಸ್ತಿ ಇರುವವರಿಗೆ ಅವು ನಿಜಕ್ಕೂ ವಾಸಿ. ತಣ್ಣನೆ ಗಾಳಿಯಲ್ಲಿ ಜೋರಾಗಿ ಇಳಿಯುವಾಗ ಸ್ವಲ್ಪ ಚಳಿ ಅನ್ನಿಸಬಹುದು ಅಷ್ಟೇ.

ಹೊರಗಿನ ಬಟ್ಟೆಯ ಮೇಲೆ ನೀರು ಉರುಳಿಹೋಗುವ ಲೇಪ ಇರುತ್ತದೆ, ಡಿಡಬ್ಲ್ಯುಆರ್ ಅನ್ನುತ್ತಾರೆ. ಹೊಸದರಲ್ಲಿ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿ ಉರುಳುತ್ತದೆ. ಕೆಸರು, ಬೆವರಿನ ಜಿಡ್ಡು, ಸನ್‌ಸ್ಕ್ರೀನ್, ಚೈನ್ ಎಣ್ಣೆ ಎಲ್ಲಾ ಸೇರಿ ಅದು ಮಂಕಾದ ಮೇಲೆ ಹೊರಬಟ್ಟೆ ನೀರು ಕುಡಿಯಲು ಶುರು ಮಾಡುತ್ತದೆ. ಪೊರೆ ಆಗಲೂ ಸೋರುವುದಿಲ್ಲ. ಆದರೆ ಅದರ ಹೊರಗೆ ಒದ್ದೆ ಗೋಣಿ ಹೊದಿಸಿದ ಹಾಗಾಗಿ ಆವಿಗೆ ದಾರಿ ಮುಚ್ಚುತ್ತದೆ, ಬಟ್ಟೆ ತಣ್ಣಗಾಗಿ ಒಳಗಿನ ಆವಿ ಅಲ್ಲೇ ಹನಿ ಕಟ್ಟುತ್ತದೆ. 'ಮೊದಲು ಚೆನ್ನಾಗಿತ್ತು, ಈಗ ಸೋರುತ್ತೆ' ಅನ್ನುವ ಹೆಚ್ಚಿನ ದೂರುಗಳ ಗುಟ್ಟು ಇದೇ. ಹಳೆಯ ಲೇಪಗಳಲ್ಲಿ ಇದ್ದ ಪಿಫಾಸ್ ಅನ್ನುವ, ಪರಿಸರದಲ್ಲಿ ಬೇಗ ನಾಶವಾಗದ ರಾಸಾಯನಿಕಗಳನ್ನು ಈಗ ಕಂಪನಿಗಳು ಬಿಡುತ್ತಿವೆ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಅವು ಇರುವ ಹೆಚ್ಚಿನ ಬಟ್ಟೆಗಳಿಗೆ ನಿರ್ಬಂಧವೂ ಬಂದಿದೆ. ಪರಿಸರಕ್ಕೆ ಅದು ಒಳ್ಳೆಯದೇ. ಆದರೆ ಹೊಸ ಲೇಪಗಳು ನೀರು ತಡೆದಷ್ಟು ಚೆನ್ನಾಗಿ ಎಣ್ಣೆ ಜಿಡ್ಡನ್ನು ತಡೆಯುವುದಿಲ್ಲ, ಹಾಗಾಗಿ ಬೇಗ ಬೇಗ ತೊಳೆಯಬೇಕಾಗುತ್ತದೆ.

'ತೊಳೆದರೆ ಹಾಳಾಗುತ್ತೆ' ಅಂತ ಈ ಗುಂಪಿನಲ್ಲೇ ಯಾರೋ ಬರೆದಿದ್ದರು. ತೊಳೆಯದಿದ್ದರೇ ಹಾಳಾಗುವುದು. ಎಲ್ಲಾ ಜಿಪ್ ಹಾಕಿ, ಇಂಥ ಬಟ್ಟೆಗೇ ಅಂತ ಬರುವ ದ್ರವ ಸೋಪಿನಲ್ಲಿ ತೊಳೆಯಿರಿ. ಬಟ್ಟೆ ಮೆತ್ತಗೆ ಮಾಡುವ ಸಾಫ್ಟನರ್ ಮಾತ್ರ ಖಂಡಿತ ಬೇಡ. ಎರಡು ಸಲ ಜಾಸ್ತಿಯೇ ಜಾಲಿಸಿ. ಒಣಗಿದ ಮೇಲೆ, ಒಳಗಿನ ಲೇಬಲ್ಲಿನಲ್ಲಿ ಅನುಮತಿ ಇದ್ದರೆ, ಡ್ರೈಯರಿನಲ್ಲಿ ಸಣ್ಣ ಬಿಸಿ ಕೊಡಿ, ಇಲ್ಲಾ ಮೇಲೊಂದು ಬಟ್ಟೆ ಹಾಸಿ ಸಣ್ಣ ಬಿಸಿಯಲ್ಲಿ ಇಸ್ತ್ರಿ ಆಡಿಸಿ. ಬಿಸಿಗೆ ಲೇಪ ಮತ್ತೆ ಎಚ್ಚರಾಗುತ್ತದೆ. ಆಗಲೂ ಹನಿ ಉರುಳದಿದ್ದರೆ ಸ್ಪ್ರೇ ಹೊಡೆಯಿರಿ. ಒದ್ದೆ ಜಾಕೆಟ್ಟನ್ನು ಬ್ಯಾಗಿನಲ್ಲಿ ಮುದುರಿ ವಾರಗಟ್ಟಲೆ ಮರೆಯಬೇಡಿ. ಒಳಗಿನ ಲೇಪ ಸಿಪ್ಪೆ ಏಳಲು ಶುರುವಾದರೆ ಅದಕ್ಕೆ ಮದ್ದಿಲ್ಲ.

ಸೈಜ್ ನೋಡುವಾಗ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಬೇಡಿ. ಮುಂದಕ್ಕೆ ಬಾಗಿ, ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿ. ಮಣಿಕಟ್ಟು ಬರಿದಾಯಿತೇ? ಬೆನ್ನು ಕಾಣಿಸಿತೇ? ಹಾಗಿದ್ದರೆ ಅದನ್ನು ಬಿಡಿ. ಹಿಂಭಾಗ ಉದ್ದ ಇರಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಎರಚಿದ್ದೆಲ್ಲಾ ಚಡ್ಡಿಯೊಳಗೆ. ತೀರಾ ಸಡಿಲವೂ ಬೇಡ, ಇಳಿಯುವಾಗ ಪಟಪಟ ಅಂತ ತಲೆ ತಿನ್ನುತ್ತದೆ. ಮೊಣಕೈ ಪ್ಯಾಡ್ ಹಾಕುವವರು ಅದನ್ನು ಹಾಕಿಕೊಂಡೇ ತೋಳು ತೂರಿಸಿ ನೋಡಿ.

ಬ್ಯಾಗ್ ಹಾಕುತ್ತೀರಾ ಅನ್ನುವುದು ಇಲ್ಲಿ ದೊಡ್ಡ ಪ್ರಶ್ನೆ. ಬೆನ್ನಿನ ಪೂರ್ತಿ ಭಾಗ ಮುಚ್ಚಿದ ಮೇಲೆ ಅಲ್ಲಿಂದ ಆವಿ ಹೋಗುವ ಮಾತೇ ಇಲ್ಲ, ಜೊತೆಗೆ ಪಟ್ಟಿ ಉಜ್ಜಿ ಉಜ್ಜಿ ಭುಜದ ಲೇಪ ಮೊದಲು ಹೋಗುತ್ತದೆ. ಗೋರ್‌ಟೆಕ್ಸ್ ಶೇಕ್‌ಡ್ರೈ ಥರ ಪೊರೆಯೇ ಹೊರಗಡೆ ಇರುವ ಜಾಕೆಟ್‌ಗಳನ್ನು ರೋಡ್ ಸೈಕಲ್ಲಿನವರು ತುಂಬಾ ಹೊಗಳುತ್ತಾರೆ. ಅವು ಉಸಿರಾಡುವುದೂ ನಿಜ. ಆದರೆ ಬ್ಯಾಗಿನ ಉಜ್ಜಾಟಕ್ಕೆ, ಮುಳ್ಳಿನ ಪೊದೆಗೆ, ಬೀಳುವುದಕ್ಕೆ ಆಗಿಬರುವುದಿಲ್ಲ. ನಮ್ಮ ಆಟದಲ್ಲಿ ಬೀಳುವುದು ಇದ್ದದ್ದೇ. ಯಾರಾದರೂ ಹಳೆಯದು ಕಡಿಮೆಗೆ ಕೊಡುತ್ತೇನೆ ಅಂದರೂ ಬೇಡ ಅನ್ನಿ. ಆದರೆ ಬೆನ್ನಿನ ಬ್ಯಾಗ್ ಬಿಟ್ಟು ಸೊಂಟದ ಬ್ಯಾಗಿಗೆ ಬದಲಾಯಿಸಿ ನೋಡಿ. ನನಗಂತೂ ಹೊಸ ಜಾಕೆಟ್ ಕೊಂಡಷ್ಟೇ ವ್ಯತ್ಯಾಸ ಅನ್ನಿಸಿತು.

ಹುಡ್ ಬಗ್ಗೆ ಗುಂಪಿನಲ್ಲಿ ಜಗಳವೇ ಇದೆ. ನನ್ನ ಮಾತು ಇಷ್ಟು: ಹೆಲ್ಮೆಟ್ ಮೇಲೆ ಬರುವ ದೊಡ್ಡ ಹುಡ್ ನಿಂತಾಗ, ನಿಧಾನಕ್ಕೆ ಏರುವಾಗ ಸುಖ. ವೇಗವಾಗಿ ಇಳಿಯುವಾಗ ಗಾಳಿ ತುಂಬಿ ಹಿಂದಕ್ಕೆ ಎಳೆಯುತ್ತದೆ. ಹಾಕಿಕೊಂಡು ತಲೆ ಎಡಕ್ಕೆ ಬಲಕ್ಕೆ ತಿರುಗಿಸಿ. ಹುಡ್ ತಲೆಯ ಜೊತೆ ತಿರುಗದೆ ಕಣ್ಣಿಗೆ ಅಡ್ಡ ಬಂದರೆ ಅದು ಅಪಾಯ. ಹಿಂದೆ ಬಿಗಿ ಮಾಡುವ ದಾರ, ಬೇಡವಾದಾಗ ಸುತ್ತಿ ಕಟ್ಟುವ ಪಟ್ಟಿ, ಎರಡೂ ಇರಲಿ.

ಹೊಲಿಗೆ ಎಲ್ಲಾ ಕಡೆ ಒಳಗಿನಿಂದ ಟೇಪ್ ಆಗಿದೆಯಾ ನೋಡಿ. ಕೆಲವದರಲ್ಲಿ ಭುಜಕ್ಕೆ ಮಾತ್ರ ಹಾಕಿರುತ್ತಾರೆ. ಬಣ್ಣ ನಿಮ್ಮಿಷ್ಟ, ಆದರೆ ಕೆಸರು ತಿಳಿ ಬಣ್ಣದಿಂದ ಸುಲಭಕ್ಕೆ ಹೋಗುವುದಿಲ್ಲ.

ಒಳಗೆ ಹತ್ತಿ ಬನಿಯನ್ ಹಾಕುತ್ತಿದ್ದರೆ ಇವತ್ತೇ ಬಿಡಿ, ಅದು ಬೆವರು ಹೀರಿಕೊಂಡು ಬಿಡುವುದೇ ಇಲ್ಲ. ತೆಳ್ಳನೆಯ ಉದ್ದ ತೋಳಿನ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆ ಹಾಕಿ. ಅರ್ಧ ತೋಳಿನದಾದರೆ ಬರಿಗೈಗೆ ಜಾಕೆಟ್ ಅಂಟಿಕೊಂಡು ಕಿರಿಕಿರಿ. ಮುಂದಿನ ಚಕ್ರಕ್ಕೆ ಒಂದು ಸಣ್ಣ ಮಡ್‌ಗಾರ್ಡನ್ನೂ ಹಾಕಿಸಿ. ಮುಖಕ್ಕೆ, ಎದೆಗೆ ಬರುವ ನೀರಿನಲ್ಲಿ ಬಹುಪಾಲು ಚಕ್ರ ಎರಚಿದ್ದೇ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: 20,000ದ್ದು ಅನ್ನುವ ಒಂದೇ ಕಾರಣಕ್ಕೆ ಬದಲಾಯಿಸಬೇಡಿ. ಈಗಿನದನ್ನು ತೊಳೆದು, ಬಿಸಿ ಕೊಟ್ಟು, ಏರು ಶುರುವಾಗುವ ಮೊದಲೇ ಜಿಪ್ ತೆಗೆದು ಎರಡು ಸಲ ಹೋಗಿಬನ್ನಿ. ಬೆವರು ಶುರುವಾದ ಮೇಲೆ ತೆಗೆದರೆ ತಡವಾಯಿತು. ಆಮೇಲೂ ತಡೆಯದಿದ್ದರೆ ಕಂಕುಳ ಜಿಪ್ ಇರುವ 3 ಲೇಯರಿನದು ನೋಡೋಣ. ಪಾತ್ರೆ ಪರೀಕ್ಷೆಯಲ್ಲಿ ಏನಾಯಿತು, ಬ್ಯಾಗ್ ಬೆನ್ನಿಗಾ ಸೊಂಟಕ್ಕಾ, ಈ ಎರಡು ಇಲ್ಲೇ ತಿಳಿಸಿ. ಈಗಿನ ಜಾಕೆಟ್ಟಿನ ಒಳಭಾಗದ ಒಂದು ಫೋಟೋ ಕೂಡ ಹಾಕಿ, ಲೇಪ ಸಿಪ್ಪೆ ಎದ್ದಿದೆಯಾ ನೋಡಿ ಹೇಳುತ್ತೇನೆ.